ಇ.ಸಿ. ಚೊಕ್ಕ, ಆದರೂ ಮನೆ ಸಿಕ್ಕು! ಡಿಕ್ರಿ ಆಗಿರೋ ಮನೆ ಮಾರಬಹುದೇ, ಕೊಳ್ಳಬಹುದೇ?

"ಇ.ಸಿ. ತೆಗೆಸಿದೀವಿ ಸ್ವಾಮಿ, ಚೊಕ್ಕವಾಗಿದೆ. ಕಣ್ಣು ಮುಚ್ಚಿಕೊಂಡು ರಿಜಿಸ್ಟರ್ ಮಾಡಿಸ್ಕೊಳ್ಳಿ."

ತುಮಕೂರಿನ ಬಿ.ಎಚ್. ರಸ್ತೆಯಿಂದ ಹಿಡಿದು ಗುಬ್ಬಿ, ಕುಣಿಗಲ್ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಗಳ ತನಕ ಮನೆ ಬ್ರೋಕರುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತಿದು. ಮಾತು ಸುಳ್ಳಲ್ಲ. ಆದರೆ ಅರ್ಧ ನಿಜ. ಮನೆ ವ್ಯಾಪಾರದಲ್ಲಿ ಪೂರ್ತಿ ಸುಳ್ಳಿಗಿಂತ ಈ ಅರ್ಧ ನಿಜವೇ ಹೆಚ್ಚು ದುಬಾರಿ ಬೀಳುತ್ತದೆ.

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಏರಿದ ಪತ್ರಗಳ ಪಟ್ಟಿ ಅಷ್ಟೇ. ಕ್ರಯ, ಅಡಮಾನ, ದಾನಪತ್ರ ಅಲ್ಲಿ ಕಾಣುತ್ತವೆ. ಮಾಲೀಕನ ಮೇಲೆ ಯಾವ ಕೋರ್ಟಿನಲ್ಲಿ ಯಾವ ದಾವೆ ನಡೆಯುತ್ತಿದೆ, ಯಾವ ಡಿಕ್ರಿ ಆಗಿದೆ ಎಂಬುದು ಆ ಪುಸ್ತಕಕ್ಕೆ ತಾನಾಗಿ ಬಂದು ಕೂರುವುದಿಲ್ಲ. ಕೋರ್ಟು ಒಂದು ಕಟ್ಟಡ, ಸಬ್ ರಿಜಿಸ್ಟ್ರಾರ್ ಕಚೇರಿ ಇನ್ನೊಂದು ಕಟ್ಟಡ. ನಡುವೆ ಕಾಗದ ಓಡಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಇದನ್ನೆಲ್ಲ ಹೇಳಲು ಕಾರಣವಿದೆ. ಜಿಲ್ಲೆಯಲ್ಲಿ ಮನೆ ನಿವೇಶನಗಳ ಕೈಬದಲು ಜೋರಾಗಿದೆ. ಇತ್ತ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಅತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ, ಕುಣಿಗಲ್ ಮೇಲೆ ಹಾಯುವ ಬೆಂಗಳೂರು-ಮಂಗಳೂರು ಹೆದ್ದಾರಿ. ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ಮನೆ ಕೇಳುತ್ತಿದ್ದಾರೆ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಕುಣಿಗಲ್ ಮನೆ ಗುಬ್ಬಿಯಲ್ಲಿ ರಿಜಿಸ್ಟರ್ ಆಗಬಹುದು. ಅದೇ ವರ್ಷದ ಅಕ್ಟೋಬರಿನಿಂದ ನಗರ, ಪಟ್ಟಣಗಳ ಆಸ್ತಿಗೆ ಇ-ಖಾತೆಯೂ ಕಡ್ಡಾಯ.

ಅನುಕೂಲ ಹೌದು. ಆದರೆ ಹಿಂದೆ ಊರಿನ ಪತ್ರ ಬರಹಗಾರ "ಆ ಮನೆ ಮೇಲೆ ಕೇಸೈತೆ ಕಣ್ರೀ" ಅಂತ ಕಿವಿಯಲ್ಲಿ ಊದುತ್ತಿದ್ದ. ಕಂಪ್ಯೂಟರ್ ಹಾಗೆ ಊದುವುದಿಲ್ಲ.

ತೀರ್ಪು ಬೇರೆ, ಜಪ್ತಿ ಬೇರೆ

ಮೊದಲು ಮಾರುವವರ ಭಯ ನೋಡೋಣ. "ನನ್ನ ಮೇಲೆ ಡಿಕ್ರಿ ಆಗಿಬಿಟ್ಟಿದೆ, ಇನ್ನು ಮನೆ ಮಾರೋ ಹಾಗಿಲ್ಲ" ಅಂತ ಎದೆ ಒಡೆದುಕೊಳ್ಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ.

ಸಾಲ, ಸರಕಿನ ಬಾಕಿ, ಪ್ರೋನೋಟು, ಇಂಥವುಗಳ ಮೇಲೆ ಆಗುವುದು ಹಣದ ಡಿಕ್ರಿ. "ಇಂಥವರು ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದು" ಎಂದು ಮಾತ್ರ ಅದು ಹೇಳುತ್ತದೆ. ಅದರಲ್ಲಿ ಮನೆಯ ಹೆಸರೇ ಇರುವುದಿಲ್ಲ. ಕೆಲವು ದೇಶಗಳಲ್ಲಿ ತೀರ್ಪನ್ನು ದಾಖಲೆ ಮಾಡಿಸಿದ ಕೂಡಲೆ ಅದು ಸಾಲಗಾರನ ಮನೆ ಮೇಲೆ ಭಾರವಾಗಿ ಕೂರುತ್ತದೆ. ನಮ್ಮಲ್ಲಿ ಹಾಗಿಲ್ಲ. ಹಣದ ಡಿಕ್ರಿ ತಾನಾಗಿ ಮನೆಗೆ ಬೀಗ ಹಾಕುವುದಿಲ್ಲ.

ಬೀಗ ಬೀಳುವುದು ಜಪ್ತಿ ಆದಾಗ. ಡಿಕ್ರಿ ಪಡೆದವನು ಅಮಲ್ಜಾರಿ ಅರ್ಜಿ ಹಾಕುತ್ತಾನೆ, ಸಾಲಗಾರನ ಇಂಥ ಮನೆ ಇಂಥ ಚೆಕ್ಕುಬಂದಿಯಲ್ಲಿದೆ ಎಂದು ತೋರಿಸುತ್ತಾನೆ. ಕೋರ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 54ರ ಪ್ರಕಾರ ಜಪ್ತಿ ಆಜ್ಞೆ ಮಾಡುತ್ತದೆ. ಮನೆಯ ಹತ್ತಿರ ತಮಟೆ ಬಡಿದೋ ರೂಢಿಯಲ್ಲಿರುವ ಇನ್ನೊಂದು ರೀತಿಯಲ್ಲೋ ಸಾರಬೇಕು. ಆಜ್ಞೆಯ ನಕಲನ್ನು ಮನೆಗೂ ಕೋರ್ಟಿನ ಗೋಡೆಗೂ ಅಂಟಿಸಬೇಕು. ಕಂದಾಯ ಕಟ್ಟುವ ಜಮೀನಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲೂ, ಹಳ್ಳಿಯದಾದರೆ ಪಂಚಾಯಿತಿಯಲ್ಲೂ ಅಂಟಿಸಬೇಕು. ಇಷ್ಟೆಲ್ಲ ಸಾರುವ ಪಟ್ಟಿಯಲ್ಲಿ ಸಬ್ ರಿಜಿಸ್ಟ್ರಾರ್ ಹೆಸರಿಲ್ಲ, ಗಮನಿಸಿ! ಅಂಟಿಸಿದ ಕಾಗದ ಒಂದು ಮಳೆಗೆ ಹರಿದುಹೋಗುತ್ತದೆ. ಜಪ್ತಿ ಮಾತ್ರ ಹರಿಯುವುದಿಲ್ಲ.

ಜಪ್ತಿ ಆದ ಮೇಲೆ ಮಾಲೀಕ ಖಾಸಗಿಯಾಗಿ ಮಾರಿದರೆ ಆ ಕ್ರಯ ಡಿಕ್ರೀದಾರನ ಮಟ್ಟಿಗೆ ಬಿದ್ದುಹೋದಂತೆಯೇ ಲೆಕ್ಕ. ಇದು ಸಂಹಿತೆಯ 64ನೇ ಕಲಂ. "ನಾನು ಪೂರ್ತಿ ದುಡ್ಡು ಕೊಟ್ಟಿದೀನಿ, ನನಗೆ ಗೊತ್ತೇ ಇರಲಿಲ್ಲ" ಎಂದು ಕೊಂಡವನು ಅತ್ತರೂ ಡಿಕ್ರೀದಾರ ಆ ಮನೆಯನ್ನೇ ಹರಾಜಿಗೆ ತರಬಹುದು. ಡಿಕ್ರಿ ಹಣ ತೀರಿದರೆ ಜಪ್ತಿ ಹೋಗುತ್ತದೆ, ಕ್ರಯ ಉಳಿಯುತ್ತದೆ. ಆದರೆ ತೀರಿಸುವವರು ಯಾರು? ಮಾರಿದವನು ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಕೊನೆಗೆ ಕೊಂಡವನೇ ಇನ್ನೊಂದು ಸಾಲ ಮಾಡಿ ಕಟ್ಟಬೇಕು.

ಡಿಕ್ರಿ ಆಗಿದೆ, ಜಪ್ತಿ ಇನ್ನೂ ಆಗಿಲ್ಲ ಅಂದರೆ? ಮಾರಬಹುದು. ಕಾನೂನು ಕೈ ಹಿಡಿಯುವುದಿಲ್ಲ. ಆದರೆ ಸಾಲಗಾರರಿಗೆ ಟೋಪಿ ಹಾಕುವ ಉದ್ದೇಶದಿಂದ ಮಾರಿದ್ದು ಎಂದು ರುಜುವಾತಾದರೆ ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಂ ಪ್ರಕಾರ ಸಾಲಗಾರರು ಆ ಕ್ರಯವನ್ನು ರದ್ದು ಮಾಡಿಸಬಹುದು. ದಾವೆ ನೋಟೀಸು ಬಂದ ವಾರದಲ್ಲೇ ಹೆಂಡತಿ ಹೆಸರಿಗೋ ಬಾಮೈದನ ಹೆಸರಿಗೋ ದಾನಪತ್ರ ಮಾಡುವ ಜಾಣರಿದ್ದಾರಲ್ಲ, ಅವರ ಜಾಣತನ ಈ ಕಲಂ ಮುಂದೆ ನಿಲ್ಲುವುದು ಕಷ್ಟ. ನಿಜವಾದ ಬೆಲೆ ಕೊಟ್ಟು, ಒಳಸಂಚು ಅರಿಯದೆ ಕೊಂಡವನಿಗೆ ಮಾತ್ರ ಈ ಕಲಮಿನಲ್ಲೇ ರಕ್ಷಣೆ ಇದೆ. ಅದಕ್ಕೇ ಪೂರ್ತಿ ಬೆಲೆ ಪತ್ರದಲ್ಲಿ ಬರೆಸಿ, ಬ್ಯಾಂಕ್ ಮೂಲಕವೇ ಕೊಡಿ. ಮುದ್ರಾಂಕ ಶುಲ್ಕ ಉಳಿಸಲು ಅರ್ಧ ಬೆಲೆ ಬರೆಸಿ ಅರ್ಧ ಕೈಯಲ್ಲಿ ಕೊಟ್ಟವನು ನಾಳೆ ಕೋರ್ಟಿನಲ್ಲಿ "ಸರಿಯಾದ ಬೆಲೆಗೇ ಕೊಂಡೆ" ಅಂತ ಹೇಗೆ ತಾನೇ ಹೇಳಿಯಾನು?

ಬೆಂಗಳೂರು ದಂಡಿನ ಮನೆಗಳ ಕಥೆ

ಮೇಲೆ ಹೇಳಿದ್ದು ಹಣದ ಡಿಕ್ರಿಯ ವಿಚಾರ. ಮನೆಯ ಮೇಲೇ ದಾವೆ ಇದ್ದರೆ ಕಥೆ ಬೇರೆ. ಪಾಲಿನ ದಾವೆ, ಅಡಮಾನದ ದಾವೆ, ಕರಾರಿನಂತೆ ಕ್ರಯ ಮಾಡಿಕೊಡಿ ಎಂಬ ದಾವೆ, ಜೀವನಾಂಶಕ್ಕೆ ಮನೆ ಮೇಲೆ ಹೊಣೆ ಹೊರಿಸಿ ಎಂಬ ದಾವೆ, ಇವೆಲ್ಲ ಆ ಜಾತಿಗೆ ಸೇರಿದವು. ಇಲ್ಲಿ ಜಪ್ತಿಯೇ ಬೇಕಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನು ಆ ದಾವೆಯ ಫಲಿತಾಂಶಕ್ಕೆ ಕಟ್ಟುಬಿದ್ದವನು. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ.

ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ನಾಗೂಬಾಯಿ ಅಮ್ಮಾಳ್ ವಿರುದ್ಧ ಬಿ. ಶಾಮರಾವ್ ಎಂಬ ಮೊಕದ್ದಮೆ. ಬೆಂಗಳೂರು ದಂಡು ಪ್ರದೇಶದ ಆಸ್ತಿ. 1920ರ ಆಸುಪಾಸಿನಲ್ಲಿ ಗಂಡ ಸತ್ತ ಹೆಣ್ಣುಮಗಳೊಬ್ಬರು ಮಲಮಗನ ಮೇಲೆ ಜೀವನಾಂಶಕ್ಕೆ ದಾವೆ ಹೂಡಿದರು. ಆಸ್ತಿಯ ಮೇಲೇ ಹೊಣೆ ಹೊರಿಸಬೇಕೆಂದು ಕೇಳಿದ್ದರು. ದಾವೆ ನಡೆಯುತ್ತಿದ್ದಾಗಲೇ ಮಗ ಆಸ್ತಿಯನ್ನು ಮಾರಿದ. ದಾವೆ ಆ ಹೆಣ್ಣುಮಗಳ ಪರ ಡಿಕ್ರಿ ಆಯಿತು. ಡಿಕ್ರಿಯ ಅಮಲ್ಜಾರಿಯಲ್ಲಿ ಆಸ್ತಿ ಹರಾಜಾಯಿತು. ಅವರೇ ಹಿಡಿದು, ಆಮೇಲೆ ಬೇರೊಬ್ಬರಿಗೆ ಮಾರಿದರು. ಮಗನಿಂದ ಕೊಂಡವರ ಕಡೆಯವರಿಗೂ ಇವರಿಂದ ಕೊಂಡವರಿಗೂ ಹಿಡಿದ ಜಗಳ ಮೈಸೂರು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 1956ರಲ್ಲಿ ತೀರ್ಪು: ದಾವೆ ನಡೆಯುತ್ತಿದ್ದಾಗ ಆದ ಕ್ರಯ ದಾವೆಗೆ ಅಧೀನ. ಮಗನಿಂದ ಕೊಂಡವರ ಕಡೆಗೆ ಸೋಲು.

ಲೆಕ್ಕ ಹಾಕಿ ನೋಡಿ, ಮೂರೂವರೆ ದಶಕ! ಕೊಂಡವರು ಕೊಟ್ಟದ್ದು ನಿಜವಾದ ದುಡ್ಡೋ ಅಲ್ಲವೋ ಎಂಬುದು ಈ ಕಲಮಿಗೆ ಮುಖ್ಯವಲ್ಲ. ಗೊತ್ತಿದ್ದು ಕೊಂಡನೋ ಗೊತ್ತಿಲ್ಲದೆ ಕೊಂಡನೋ ಅದೂ ಮುಖ್ಯವಲ್ಲ. ಡಿಕ್ರಿ ಪೂರ್ತಿ ತೀರುವ ತನಕ, ಇಲ್ಲವೆ ಅದರ ಕಾಲಮಿತಿ ಮುಗಿಯುವ ತನಕ ದಾವೆ ಬದುಕಿದೆ ಎಂದೇ ಕಾನೂನಿನ ಎಣಿಕೆ. ಹಣದ ಡಿಕ್ರಿಯನ್ನು ಜಾರಿ ಮಾಡಿಸಲು 12 ವರ್ಷ ಕಾಲಾವಕಾಶವಿದೆ. "ಹಳೇ ಡಿಕ್ರಿ, ಸತ್ತುಹೋಗಿದೆ ಬಿಡಿ" ಎನ್ನುವ ಬ್ರೋಕರಿಗೆ ಡಿಕ್ರಿಯ ತಾರೀಖು ಎಷ್ಟು ಎಂದು ಮೊದಲು ಕೇಳಿ.

ಮಹಾರಾಷ್ಟ್ರದಲ್ಲಿ ಇಂಥ ದಾವೆಯ ನೋಟೀಸನ್ನು ನೋಂದಾಯಿಸಿದರೆ ಮಾತ್ರ ಕೊಂಡವನಿಗೆ ಅದು ತಗಲುವ ಹಾಗೆ 1939ರಲ್ಲೇ ಬೊಂಬಾಯಿ ಸರ್ಕಾರದ ಕಾಲದಲ್ಲಿ ತಿದ್ದುಪಡಿ ಬಂತು. ಕೊಳ್ಳುವವನು ನೋಂದಣಿ ಪುಸ್ತಕ ನೋಡಿದರೆ ದಾವೆ ಕಾಣುತ್ತದೆ. ನಮ್ಮ ತುಮಕೂರು ಸೀಮೆಯಲ್ಲಿ ಆ ಕಟ್ಟಳೆ ಇಲ್ಲ. ದಾವೆ ತಗಲುತ್ತದೆ, ಪುಸ್ತಕದಲ್ಲಿ ಕಾಣುವುದಿಲ್ಲ.

ಅಕ್ಕತಂಗಿಯರ ಪಾಲು, ಅಪ್ಪನ ಸಾಲ

ಕುಣಿಗಲ್ ಕಡೆ ಬೆಂಗಳೂರಿಗೆ ಕೆಲಸಕ್ಕೆ ಹೋದ ಗಂಡುಮಕ್ಕಳು ಊರ ಮನೆ ಮಾರಿ ನಗರದಲ್ಲಿ ಫ್ಲ್ಯಾಟು ನೋಡುವುದು ಹೆಚ್ಚುತ್ತಿದೆ. ಖಾತೆ ಅಣ್ಣತಮ್ಮಂದಿರ ಹೆಸರಲ್ಲಿರುತ್ತದೆ. ಅಕ್ಕತಂಗಿಯರ ಸಹಿ? "ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಉತ್ತರ.

ಕಾನೂನು ಆ ಉತ್ತರ ಒಪ್ಪುವುದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ, ಹುಟ್ಟಿನಿಂದಲೇ ಮಗಳಿಗೆ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮ ಮೊಕದ್ದಮೆಯಲ್ಲಿ ಹೇಳಿತು. ಪಾಲಿನ ದಾವೆಯಲ್ಲಿ ತಂಗಿಗೆ ಇಷ್ಟು ಭಾಗ ಎಂದು ಪ್ರಾಥಮಿಕ ಡಿಕ್ರಿ ಆಗಿರುತ್ತದೆ, ಇ.ಸಿ.ಯಲ್ಲಿ ಅದರ ಸುಳಿವೂ ಇರುವುದಿಲ್ಲ. ಕೊಂಡವನಿಗೆ ದಕ್ಕುವುದು ಮಾರಿದವನ ಭಾಗ ಮಾತ್ರ. ಅರ್ಧ ಹಜಾರ, ಒಂದು ಕೋಣೆ!

ಅಪ್ಪನ ಸಾಲವೂ ಹಾಗೇ. ಅಪ್ಪನ ಮೇಲೆ ಡಿಕ್ರಿ ಆಗಿ ಅಪ್ಪ ತೀರಿಕೊಂಡರೆ ಡಿಕ್ರಿ ತೀರಿಕೊಳ್ಳುವುದಿಲ್ಲ. ಅಪ್ಪನಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಕ್ಕಳ ಕೈಯಲ್ಲೂ ಅದು ಹಿಂಬಾಲಿಸುತ್ತದೆ. ಆದ್ದರಿಂದ ಈಗಿನ ಮಾಲೀಕರ ಹೆಸರಲ್ಲಿ ಕೇಸು ಹುಡುಕಿದರೆ ಸಾಲದು, ಸತ್ತವರ ಹೆಸರಲ್ಲೂ ಹುಡುಕಬೇಕು.

ಮಂಡಿಪೇಟೆ ಜಾಮೀನು, ಗುಬ್ಬಿ ಮನೆಗೆ ಬರೆ

ಅಂಗಡಿ ಇಟ್ಟವರಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮಲ್ಲಿ ಸ್ವಂತ ಸಾಲಕ್ಕಿಂತ ಪರರ ಸಾಲಕ್ಕೆ ಸಿಕ್ಕಿಬೀಳುವವರೇ ಬಹಳ. ಪಕ್ಕದ ಅಂಗಡಿಯವನ ಚೀಟಿಗೆ ಜಾಮೀನು, ಭಾವನ ಸೊಸೈಟಿ ಸಾಲಕ್ಕೆ ಜಾಮೀನು. ಸಹಿ ಹಾಕಿದ್ದು ಮರೆತೇ ಹೋಗಿರುತ್ತದೆ. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲ ತೆಗೆದವನ ಹೊಣೆಯಷ್ಟೇ. "ಮೊದಲು ಅವನನ್ನು ಹಿಡೀರಿ, ಆಮೇಲೆ ನನ್ನ ಹತ್ರ ಬನ್ನಿ" ಎಂಬ ವಾದ ಸಾಮಾನ್ಯವಾಗಿ ನಡೆಯುವುದಿಲ್ಲ.

ಇದರಲ್ಲಿ ಇನ್ನೊಂದು ತೊಡಕು. ಇಂಥ ಎಷ್ಟೋ ತೀರ್ಪುಗಳು ಸಿವಿಲ್ ಕೋರ್ಟಿನಲ್ಲೇ ಆಗುವುದಿಲ್ಲ. ಸಹಕಾರ ಸಂಘದ ಬಾಕಿ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಕೆಳಗೆ ಸಹಕಾರ ಇಲಾಖೆಯ ಅಧಿಕಾರಿ ಮುಂದೆ ತೀರ್ಮಾನವಾಗುತ್ತದೆ. ಚೀಟಿ ಬಾಕಿ 1982ರ ಚೀಟಿ ನಿಧಿ ಕಾಯ್ದೆ ಕೆಳಗೆ ರಿಜಿಸ್ಟ್ರಾರ್ ಮುಂದೆ. ಬ್ಯಾಂಕಿನ ದೊಡ್ಡ ಸಾಲ ಸಾಲ ವಸೂಲಿ ನ್ಯಾಯಾಧಿಕರಣದ ಮುಂದೆ. ಇವರ ತೀರ್ಪಿಗೂ ಜಪ್ತಿ, ಹರಾಜಿನ ಬಲ ಇದೆ. ಬರೇ ಸಿವಿಲ್ ಕೋರ್ಟಿನಲ್ಲಿ ಹುಡುಕಿ "ಕೇಸಿಲ್ಲ" ಎಂದು ನಿಟ್ಟುಸಿರು ಬಿಟ್ಟರೆ ಆಗಲಿಲ್ಲ. ಆತನ ಸೊಸೈಟಿಯಲ್ಲಿ, ಚೀಟಿ ಕಂಪನಿಯಲ್ಲಿ ವಿಚಾರಿಸಬೇಕು.

ಹುಡುಕುವುದು ಎಲ್ಲಿ? ಮನೆ ಮೇಲಿನ ದಾವೆ ಮನೆ ಇರುವ ಸರಹದ್ದಿನ ಕೋರ್ಟಿನಲ್ಲಿ ಇರುತ್ತದೆ. ಹಣದ ದಾವೆ ಹಾಗಲ್ಲ. ಆತ ವಾಸ ಮಾಡುವ ಊರಲ್ಲೋ, ವ್ಯಾಪಾರ ಮಾಡುವ ಊರಲ್ಲೋ, ವ್ಯವಹಾರ ನಡೆದ ಊರಲ್ಲೋ ಹೂಡಬಹುದು. ಗುಬ್ಬಿಯಲ್ಲಿ ಮನೆ, ತುಮಕೂರು ಮಂಡಿಪೇಟೆಯಲ್ಲಿ ವ್ಯಾಪಾರ, ಬೆಂಗಳೂರಿನಿಂದ ಸರಕು. ದಾವೆ ಬೆಂಗಳೂರಿನಲ್ಲಿ ಡಿಕ್ರಿ ಆಗಿ, ಜಾರಿಗಾಗಿ ಗುಬ್ಬಿ ಕೋರ್ಟಿಗೆ ವರ್ಗವಾಗಿ ಬರಬಹುದು. ಆದ್ದರಿಂದ ಮನೆಯ ಊರು ಒಂದೇ ಅಲ್ಲ, ಮಾಲೀಕನ ಹೆಜ್ಜೆ ಬಿದ್ದ ಊರುಗಳ ಕೋರ್ಟೆಲ್ಲ ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಕಾರರ ಹೆಸರು, ವರ್ಷ ಹಾಕಿ ಪುಕ್ಕಟೆ ನೋಡಬಹುದು. ಒಂದೇ ಸಲ ನೋಡಿ ಬಿಡಬೇಡಿ. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಇನಿಷಿಯಲ್ ಹಾಕಿಯೂ, ಹಾಕದೆಯೂ ನೋಡಿ. ಮೂಲ ದಾವೆಗಳ ಜೊತೆಗೆ ಅಮಲ್ಜಾರಿ ಅರ್ಜಿಗಳನ್ನೂ ನೋಡಿ.

ಚೆಕ್ ಬೌನ್ಸ್ ಕೇಸುಗಳ ಬಗ್ಗೆಯೂ ಜನಕ್ಕೆ ಗೊಂದಲವಿದೆ. ಅದು ಕ್ರಿಮಿನಲ್ ಕೇಸು. ಕೇಸು ಇದ್ದ ಮಾತ್ರಕ್ಕೆ, ಶಿಕ್ಷೆ ಆದ ಮಾತ್ರಕ್ಕೆ ಮನೆ ಕಟ್ಟಿಹಾಕಿದಂತಲ್ಲ. ಆದರೆ ಹಾಕಿದ ದಂಡ ಕಟ್ಟದಿದ್ದರೆ ಆಸ್ತಿಯಿಂದ ವಸೂಲಿ ಮಾಡುವ ದಾರಿ ಇದೆ. ಚೆಕ್ ಕೇಸು ಹಾಕಿದವನು ಅದೇ ಬಾಕಿಗೆ ಸಿವಿಲ್ ದಾವೆಯನ್ನೂ ಹಾಕಿರಬಹುದು. ಒಂದು ಕಂಡರೆ ಇನ್ನೊಂದನ್ನು ಹುಡುಕಿ.

ದಾವೆ ಇರುವಾಗ ಅವಸರದ ಮಾರಾಟ

ದಾವೆ ಬಿತ್ತು, ತೀರ್ಪು ಬರುವುದರೊಳಗೆ ಮನೆ ಮಾರಿ ಕೈ ತೊಳೆದುಕೊಳ್ಳೋಣ ಎನ್ನುವವರಿಗೂ ಒಂದು ಮಾತು. ಹೀಗೆ ಮಾರಲು ಹೊರಟ ಸುದ್ದಿ ಎದುರುಪಕ್ಷದವನಿಗೆ ಸಿಕ್ಕಿದರೆ ಆತ ಆದೇಶ 38, ನಿಯಮ 5ರ ಕೆಳಗೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು. ಕೇಳಿದವರಿಗೆಲ್ಲ ಕೋರ್ಟು ಕೊಡುವುದಿಲ್ಲ. ಮೇಲ್ನೋಟಕ್ಕೆ ಬಾಕಿ ನಿಜ, ಡಿಕ್ರಿಗೆ ಅಡ್ಡಿ ಮಾಡಲೆಂದೇ ಆಸ್ತಿ ಸಾಗಿಸುತ್ತಿದ್ದಾನೆ ಎಂದು ಮನಗಾಣಿಸಬೇಕು ಎಂದು ಸುಪ್ರೀಂ ಕೋರ್ಟು 2008ರಲ್ಲಿ ರಾಮನ್ ಟೆಕ್ ಮೊಕದ್ದಮೆಯಲ್ಲಿ ಹೇಳಿದೆ. ತಕ್ಕ ಭದ್ರತೆ ಒದಗಿಸಿದರೆ ಈ ಜಪ್ತಿ ತೆರವಾಗುತ್ತದೆ.

ಕೊಳ್ಳುವವರಿಗೆ ಇಲ್ಲಿ ಒಂದು ಗುರಾಣಿ ಇದೆ. 2002ರ ತಿದ್ದುಪಡಿ ಪ್ರಕಾರ ಜಪ್ತಿಗೆ ಮುಂಚೆಯೇ ಮಾರಾಟದ ಕರಾರು ಮಾಡಿ ಅದನ್ನು ನೋಂದಾಯಿಸಿದ್ದರೆ, ಆ ಕರಾರಿನಂತೆ ಆಮೇಲೆ ಆದ ಕ್ರಯಕ್ಕೆ 64ನೇ ಕಲಂ ತಗಲುವುದಿಲ್ಲ. ನೋಂದಾಯಿಸಿದ್ದರೆ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಬಾಂಡ್ ಪೇಪರಿನಲ್ಲಿ ಬರೆದು ನೋಟರಿ ಮುದ್ರೆ ಒತ್ತಿಸಿ ಟ್ರಂಕಿನಲ್ಲಿಟ್ಟ ಅಗ್ರಿಮೆಂಟಿಗೆ ಈ ರಕ್ಷಣೆ ಸಿಗದು. ನಾಲ್ಕು ಕಾಸು ಉಳಿಸಲು ಹೋಗಿ ನಲವತ್ತು ಲಕ್ಷದ ಮನೆ ಬಯಲಿಗೆ ಬೀಳುತ್ತದೆ. ಇನ್ನು "ರಿಜಿಸ್ಟರ್ ಈಗ ಬೇಡ, ಜಿ.ಪಿ.ಎ. ಮಾಡಿಕೊಡ್ತೀನಿ" ಎನ್ನುವವರು ಸಿಕ್ಕರೆ ಚಪ್ಪಲಿ ಹಾಕಿಕೊಂಡು ಎದ್ದುಬಿಡಿ. ಜಿ.ಪಿ.ಎ.ಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲೇ ತೀರ್ಮಾನಿಸಿದೆ.

ಪತ್ರಿಕೆಯಲ್ಲಿ ವಕೀಲರ ಮೂಲಕ ಸಾರ್ವಜನಿಕ ಪ್ರಕಟಣೆ ಕೊಟ್ಟರೆ ಸಾಲದೇ? ನಮ್ಮಂಥ ಸಂಜೆ ಪತ್ರಿಕೆಗಳ ಪುಟ ತುಂಬುವುದೇ ಅದರಿಂದ, ಬೇಡ ಎಂದು ಹೇಳಲಾರೆವು. ಆದರೆ ಸತ್ಯ ಹೇಳಬೇಕು. ಪ್ರಕಟಣೆ ನೀವು ಪ್ರಾಮಾಣಿಕರು ಎಂದು ತೋರಿಸುತ್ತದೆ. ಜಪ್ತಿಯನ್ನು ಅದು ಅಳಿಸುವುದಿಲ್ಲ, ನಡೆಯುತ್ತಿರುವ ದಾವೆಯನ್ನು ನಿಲ್ಲಿಸುವುದಿಲ್ಲ.

ಮುಚ್ಚಿಟ್ಟರೆ ನಷ್ಟ, ಬಿಚ್ಚಿಟ್ಟರೆ ಲಾಭ

ಹಾಗಾದರೆ ಡಿಕ್ರಿ ಆದವನು ಮನೆ ಮಾರಲೇಬಾರದೇ? ಮಾರಬಹುದು, ಮರ್ಯಾದೆಯಿಂದಲೇ ಮಾರಬಹುದು. ಒಂದು ಲೆಕ್ಕ ನೋಡಿ.

ಶೆಟ್ಟಿಹಳ್ಳಿ ಕಡೆ ಒಬ್ಬರ ಮನೆ ಪೇಟೆ ಬೆಲೆ 45 ಲಕ್ಷ ಅಂತಿಟ್ಟುಕೊಳ್ಳಿ. ಅವರ ಮೇಲೆ 6 ಲಕ್ಷದ ಡಿಕ್ರಿ. ವರ್ಷಕ್ಕೆ ನೂರಕ್ಕೆ 6ರಂತೆ ನಾಲ್ಕು ವರ್ಷದ ಬಡ್ಡಿ 1 ಲಕ್ಷ 44 ಸಾವಿರ. ಖರ್ಚು 36 ಸಾವಿರ ಸೇರಿಸಿ ಒಟ್ಟು 7 ಲಕ್ಷ 80 ಸಾವಿರ. ಇದನ್ನು ಕೊಳ್ಳುವವರ ಮುಂದೆ ಬಿಚ್ಚಿಟ್ಟು, ಅವರು ಕೊಡುವ ಹಣದಲ್ಲೇ ಡಿಕ್ರಿ ತೀರಿಸಿ ಮಾರಿದರೆ ಕೈಗೆ ಉಳಿಯುವುದು 37 ಲಕ್ಷ 20 ಸಾವಿರ.

ಮುಚ್ಚಿಟ್ಟು ಕೂತರೆ? ಮನೆ ಹರಾಜಿಗೆ ಹೋಗುತ್ತದೆ. ಕೋರ್ಟಿನ ಹರಾಜಿನಲ್ಲಿ ಕೂಗಿದವನು ಕಾಲುಭಾಗ ಅಲ್ಲೇ ಕಟ್ಟಬೇಕು, ಮಿಕ್ಕದ್ದನ್ನು 15 ದಿನದಲ್ಲಿ. ಅಷ್ಟು ದುಡ್ಡು ರೆಡಿ ಇಟ್ಟುಕೊಂಡು ಬರುವವರು ಕಡಿಮೆ, ಬೆಲೆ ಏರುವುದು ಕಷ್ಟ. 30 ಲಕ್ಷಕ್ಕೆ ಹೋಯಿತು ಅನ್ನಿ. ಉಳಿಯುವುದು 22 ಲಕ್ಷ 20 ಸಾವಿರ. ಹದಿನೈದು ಲಕ್ಷ ಗಾಳಿಗೆ! ಹರಾಜನ್ನು ರದ್ದು ಮಾಡಿಸಬೇಕೆಂದರೆ 60 ದಿನದೊಳಗೆ ಬಾಕಿಯ ಜೊತೆಗೆ ಹರಾಜು ಬೆಲೆಯ ನೂರಕ್ಕೆ 5ನ್ನು ಕೊಂಡವನಿಗಾಗಿ ಕಟ್ಟಬೇಕು. ಮೇಲಿನ ಲೆಕ್ಕದಲ್ಲಿ ಒಟ್ಟು 9 ಲಕ್ಷ 30 ಸಾವಿರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನೋದು ಇದಕ್ಕೇ.

ಸರಿಯಾದ ದಾರಿ ಏನು? ಮೊದಲು ಡಿಕ್ರಿಯ ದೃಢೀಕೃತ ನಕಲು ತೆಗೆಸಿ, ಬಾಕಿ ಲೆಕ್ಕ ಹಾಕಿಸಿ. ಡಿಕ್ರೀದಾರ, ಮಾಲೀಕ, ಕೊಳ್ಳುವವರು ಮೂವರೂ ಕೂತು ಮಾತಾಡಿ. ಕ್ರಯದ ಹಣದಲ್ಲಿ ಡಿಕ್ರಿಯ ಪಾಲು ಕೋರ್ಟಿಗೇ ಕಟ್ಟುವುದು ಎಲ್ಲಕ್ಕಿಂತ ಕ್ಷೇಮ. ಡಿಕ್ರೀದಾರನ ಕೈಗೇ ಕೊಟ್ಟರೆ ಅದನ್ನು ಕೋರ್ಟಿಗೆ ತಿಳಿಸಿ "ಪೂರ್ತಿ ತೀರಿತು" ಎಂದು ದಾಖಲು ಮಾಡಿಸಲೇಬೇಕು. ದಾಖಲಾಗದ ಹಣವನ್ನು ಜಾರಿ ಮಾಡುವ ಕೋರ್ಟು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಜನ ಎರಡೆರಡು ಸಲ ಕಟ್ಟುವುದು ಹೀಗೇ. ಆಮೇಲೆ ಜಪ್ತಿ ತೆರವಿನ ಆಜ್ಞೆ ಪಡೆದು, ಅದರ ನಕಲು ಕೈಯಲ್ಲಿಟ್ಟುಕೊಂಡು ರಿಜಿಸ್ಟರಿಗೆ ಹೋಗಿ.

ಹರಾಜಿಗೆ ಆಜ್ಞೆ ಆಗಿಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಆದೇಶ 21, ನಿಯಮ 83 ನೋಡಿ. ಖಾಸಗಿಯಾಗಿ ಮಾರಿ ಹಣ ಹೊಂದಿಸುತ್ತೇನೆ, ಹರಾಜು ಮುಂದಕ್ಕೆ ಹಾಕಿ ಎಂದು ಮಾಲೀಕ ಕೇಳಿಕೊಳ್ಳಬಹುದು. ಕೋರ್ಟಿಗೆ ನಂಬಿಕೆ ಬಂದರೆ ಮಾರಲು ಒಂದು ಸರ್ಟಿಫಿಕೇಟು ಕೊಡುತ್ತದೆ. ಆಗ 64ನೇ ಕಲಮಿನ ಅಡ್ಡಿ ಇಲ್ಲ. ಹಣ ಕೋರ್ಟಿಗೆ ಬರಬೇಕು, ಕೋರ್ಟು ಒಪ್ಪಿದ ಮೇಲೇ ಕ್ರಯ ಗಟ್ಟಿ. ಅಡಮಾನದ ಡಿಕ್ರಿಗೆ ಮಾತ್ರ ಈ ಸವಲತ್ತು ಇಲ್ಲ. ಇನ್ನೂ ರಾಜಿ ಆಗಬೇಕೆಂದರೆ ಲೋಕ ಅದಾಲತ್ ಇದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರ ನೆರವೂ ಸಿಗುತ್ತದೆ.

ಹಳ್ಳಿಯವರಿಗೆ ಒಂದು ಸಮಾಧಾನದ ಸುದ್ದಿ. ಬೇಸಾಯಗಾರ, ಕೂಲಿಯವರು, ಮನೆಗೆಲಸದವರು ತಾವೇ ವಾಸವಿರುವ ಮನೆಯನ್ನು ಹಣದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. 60ನೇ ಕಲಂ ಅದಕ್ಕೆ ರಕ್ಷಣೆ ಕೊಟ್ಟಿದೆ. ಮನೆಯನ್ನೇ ಅಡವಿಟ್ಟಿದ್ದರೆ ಆ ರಕ್ಷಣೆ ನಂಬಿ ಕೂರಬೇಡಿ.

ಮಾರುವವರು ಇನ್ನೊಂದನ್ನು ನೆನಪಿಡಿ. ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗದ ದೋಷ ಹಕ್ಕಿನಲ್ಲಿದ್ದರೆ ಹೇಳುವುದು ಮಾರುವವನ ಹೊಣೆ. ಹೇಳದಿದ್ದರೆ ಅದು ಮೋಸ ಎಂದು 55ನೇ ಕಲಂ ನೇರವಾಗಿ ಹೇಳುತ್ತದೆ.

ಎರಡು ಕಟ್ಟಡಗಳ ನಡುವಿನ ದೂರ

ಕೊನೆಗೆ ಸರ್ಕಾರಕ್ಕೆ ಒಂದು ಮಾತು. ರಾಜ್ಯದ ವಿಧಾನಮಂಡಲ 2023ರಲ್ಲಿ ನೋಂದಣಿ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ 22-ಬಿ ಕಲಂ ಪ್ರಕಾರ ಕೋರ್ಟು ಅಥವಾ ಅಧಿಕಾರವುಳ್ಳ ಪ್ರಾಧಿಕಾರ ಜಪ್ತಿ ಮಾಡಿದ ಆಸ್ತಿಯ ಪತ್ರವನ್ನು ಸಬ್ ರಿಜಿಸ್ಟ್ರಾರ್ ನೋಂದಾಯಿಸಕೂಡದು. ಒಳ್ಳೆಯದೇ. ಆದರೆ ಜಪ್ತಿ ಆಗಿದೆ ಎಂದು ಆ ಅಧಿಕಾರಿಗೆ ಗೊತ್ತಾಗುವುದು ಹೇಗೆ? ಮನೆ ಗೋಡೆಗೆ ಅಂಟಿಸಿದ ಕಾಗದ ಓದಲು ಅವರು ಶೆಟ್ಟಿಹಳ್ಳಿಗೆ, ಕ್ಯಾತ್ಸಂದ್ರಕ್ಕೆ ಹೋಗುತ್ತಾರೆಯೇ? ಹೊಲಕ್ಕೆ ಪಹಣಿ ಇದೆ, ಅದರ 11ನೇ ಕಾಲಂ ಇದೆ, ಋಣ ಬರೆಯುವ ರೂಢಿ ಇದೆ. ಪಟ್ಟಣದ ಮನೆಗೆ ಅಂಥ ಕಾಲಂ ಎಲ್ಲಿದೆ?

ಕಂಪ್ಯೂಟರ್ ಕಾವೇರಿಯಲ್ಲೂ ಇದೆ, ಕೋರ್ಟಿನಲ್ಲೂ ಇದೆ, ಇ-ಖಾತೆಯಲ್ಲೂ ಇದೆ. ಮೂರೂ ಒಂದಕ್ಕೊಂದು ಮಾತಾಡಬೇಕು. ಜಪ್ತಿ ಆಜ್ಞೆಯಲ್ಲಿ ಇ-ಖಾತೆ ನಂಬರ್ ಬರೆದು ಅದೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಮುಟ್ಟಿಸುವ ಏರ್ಪಾಡಾದರೆ ಅರ್ಧ ಜಿಲ್ಲೆಯ ಮನೆ ವ್ಯಾಜ್ಯ ಹುಟ್ಟುವ ಮೊದಲೇ ಸಾಯುತ್ತದೆ. ವಕೀಲರ ಸಂಘದವರು, ನೋಂದಣಿ ಇಲಾಖೆಯವರು, ಮಹಾನಗರ ಪಾಲಿಕೆಯವರು ಒಂದು ಮೇಜಿನ ಸುತ್ತ ಕೂತರೆ ಇದಕ್ಕೆ ದಾರಿ ಸಿಗದೇ ಇರದು.

ಅಲ್ಲಿಯ ತನಕ ಆ ದೂರವನ್ನು ನೀವೇ ನಡೆಯಬೇಕು. ಮನೆ ನೋಡಿದ ದಿನವೇ ಟೋಕನ್ ಕೊಡಬೇಡಿ. ಇ.ಸಿ. ತೆಗೆಸಿ, ಮೂಲಪತ್ರ ನೋಡಿ, ಆಮೇಲೆ ಕೋರ್ಟಿನ ಕಡೆಗೂ ಒಂದು ಹೆಜ್ಜೆ ಹಾಕಿ. ಅಕ್ಕಪಕ್ಕದ ಮನೆಯವರನ್ನು ಕೇಳಿ, ತಮಟೆ ಸದ್ದು ಕೇಳಿದವರು ಅವರೇ. ಮಾರುವವರೇ, ಡಿಕ್ರಿ ಇದ್ದರೆ ನೀವೇ ಮೊದಲು ಬಾಯಿ ಬಿಡಿ. ಡಿಕ್ರಿ ಇರುವ ಮನೆಗೆ ಗಿರಾಕಿ ಸಿಗುತ್ತಾನೆ. ಡಿಕ್ರಿ ಬಚ್ಚಿಟ್ಟ ಮನೆಗೆ ಸಿಗುವುದು ಇನ್ನೊಂದು ದಾವೆ.